ನಡಿಗೆಯ ಗುಂಡಿ

ಸಂಡೂರು ಸೀಮೆ, ಎರಡು ಗುಡ್ಡಗಳ ನಡುವಿನ ತಗ್ಗು
ಎರಡನೇ ಬೇಸಿಗೆ, ಬೆಂಕಿಹೊತ್ತು, ಇಸವಿ ೨೧೫೮

ಸೈಕಲ್ ಅಜ್ಜಿ ನಾಗವೇಣಿಗೆ, ನಿನ್ನ ಮರಿಮೊಮ್ಮಗಳ ಮೊಮ್ಮಗಳು ಹೊನ್ನೂರಮ್ಮ ಮಾಡುವ ನಮಸ್ಕಾರ.

ಮೇಲಿನ ಇಸವಿ ನೋಡಿ, ಇದು ಯಾರೋ ಹುಡುಗಾಟಕ್ಕೆ ಬರೆದದ್ದೆಂದು ಹರಿದು ಎಸೆಯಬೇಡ. ನೀನು ಈಗ ಹೊಸಪೇಟೆಯ ಅಂಗಡಿಯಲ್ಲಿ ಎರಡು ಬ್ಯಾಟರಿ ಸೈಕಲ್ಲುಗಳ ನಡುವೆ ನಿಂತು ಮೀನ ಮೇಷ ಎಣಿಸುತ್ತಿರಬಹುದು. ಅಥವಾ ಕೊಂಡು ಮನೆಗೆ ತಂದಾಗಿರಬಹುದು. ಇನ್ನೂ ಕೊಂಡಿಲ್ಲವಾದರೆ ಇದನ್ನು ಕೋರಿಕೆ ಎಂದು ಓದು, ಕೊಂಡಿದ್ದರೆ ಕೃತಜ್ಞತೆ ಎಂದು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಿನ್ನ ಕಾಲದಲ್ಲಿ ಇಲ್ಲದ ಎಷ್ಟೋ ಸಂಗತಿಗಳಿಗೆ ನಾವು ಹೆಸರು ಕಟ್ಟಿಕೊಂಡಿದ್ದೇವೆ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಲೆಕ್ಕ ಹಾಕಿದರೆ ಅಂಗಡಿಯಲ್ಲಿ ನಿಂತಿರುವ ನಿನಗಿಂತ ಇವತ್ತು ನಾನೇ ದೊಡ್ಡವಳು. ಆದರೂ ಅಜ್ಜಿ ಅಜ್ಜಿಯೇ. ನಮ್ಮ ಕಡೆ ಅಜ್ಜಿಯನ್ನು ನೀವು ಎಂದು ಕರೆದರೆ ಅವಳು ಮುಖ ಊದಿಸಿಕೊಳ್ಳುತ್ತಾಳೆ, ಹಾಗಾಗಿ ನೀನು ಎಂದೇ ಬರೆಯುತ್ತಿದ್ದೇನೆ.

ಈ ಓಲೆ ನಮ್ಮ ಪದ್ಧತಿಯಂತೆ ಬರೆದದ್ದು. ನಾವು ಇದನ್ನು ಹಿಂದೋಲೆ ಎನ್ನುತ್ತೇವೆ. ಗುಡ್ಡ ಕಾಯುವವರು ಕಾಲವಲ್ಲದ ಕಾಲದಲ್ಲಿ ಗುಡ್ಡ ಬಿಟ್ಟು ಇಳಿದರೆ, ಏಕೆ ಬಿಟ್ಟೆವೆಂದು ತಮ್ಮ ಹಿಂದಿನವರಲ್ಲಿ ಒಬ್ಬರಿಗೆ ಬರೆದು, ಒಂದು ಗಿಡದ ಬುಡದಲ್ಲಿ ಹೂಳಿ ಹೋಗಬೇಕು. ಅದು ಹಿಂದಿನವರಿಗೆ ತಲುಪುತ್ತದೆಯೇ ಎಂದು ನಾವು ಕೇಳುವುದಿಲ್ಲ. ನಾನು ಬರೆಯದೆಯೇ ಹೊರಟುಬಿಟ್ಟೆ, ಅಷ್ಟು ಆತುರವಿತ್ತು. ಈಗ ನಿನ್ನ ಕಾಲದ ಗಣಿಲಾರಿಯೊಂದು ಇಲ್ಲಿ ತುಕ್ಕು ಹಿಡಿದು ಮಗುಚಿ ಬಿದ್ದಿದೆ, ಅದರ ತೊಟ್ಟಿಯ ನೆರಳಿನಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಗಾದಿಲಿಂಗ ತಾತ ಮಲಗಿದ್ದಾರೆ. ಅವರು ನನಗೆ ರಕ್ತಸಂಬಂಧಿಯಲ್ಲ, ಪಕ್ಕದ ಗುಡ್ಡದ ಕಾವಲಿನವರು. ಅವರ ಎಡಗಾಲು ಮೊಣಕಾಲಿನ ಕೆಳಗೆ ಮುರಿದಿದೆ. ಬಿಸಿಲು ತಗ್ಗಿದ ಮೇಲೆ ಅವರನ್ನು ಮುಂದಿನ ಏರು ಹತ್ತಿಸಬೇಕು. ಹತ್ತಿಸುತ್ತೇನೋ ಇಲ್ಲವೋ ಎಂಬುದು ನನ್ನ ಕೈಯಲ್ಲಿ ಅರ್ಧ, ನೀನು ಅಂಗಡಿಯಲ್ಲಿ ಆರಿಸುವ ಮೋಟರಿನಲ್ಲಿ ಅರ್ಧ ಇದೆ.

ನಮಗೆ ವರ್ಷಕ್ಕೆ ಮೂರೇ ಕಾಲ. ಮೊದಲ ಬೇಸಿಗೆ, ಮಳೆ, ಎರಡನೇ ಬೇಸಿಗೆ. ಎರಡನೇ ಬೇಸಿಗೆ ಮೊದಲನೆಯದಕ್ಕಿಂತ ಮೊಂಡು. ಆಗ ನಡುಹಗಲನ್ನು ಬೆಂಕಿಹೊತ್ತು ಎನ್ನುತ್ತೇವೆ, ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಜನರೆಲ್ಲ ಕೆಳಗೆ ತಂಪುಪೇಟೆಯಲ್ಲಿದ್ದಾರೆ. ಅರ್ಧ ನೆಲದೊಳಗೆ, ಅರ್ಧ ಮೇಲೆ ಕಟ್ಟಿದ ಊರು ಅದು. ಅಲ್ಲಿ ಗೋಡೆಗಳ ನಡುವೆ ನೀರು ಹರಿಯುತ್ತದೆ, ಸಂತೆ ಇದೆ, ಎಲುಬು ಕೂಡಿಸುವ ವೈದ್ಯರಿದ್ದಾರೆ, ಜಗಳವಾಡಲು ನೆರೆಹೊರೆ ಇದೆ. ಗುಡ್ಡದ ಮೇಲೆ ಮಾತ್ರ ಗುಡ್ಡಕ್ಕೊಬ್ಬರು. ನೀನು ಗುಡ್ಡ ಅಗೆದ ಗಣಿಯ ಮೆಟ್ಟಿಲುಗಳ ಮೇಲೆ ಗಿಡ ನೆಡಿಸುವ ಕೆಲಸಕ್ಕೆ ಸೇರಿದವಳು, ಅದಕ್ಕೇ ಸೈಕಲ್ಲು ನೋಡಲು ಹೋದವಳು. ನಾವು ಇನ್ನೂ ಅದೇ ಕೆಲಸದಲ್ಲಿದ್ದೇವೆ. ನೀನು ನೆಡಿಸಿದ ಕಮರ, ಬೇವು, ತಪಸಿ ಕೆಳಗಿನ ಮೆಟ್ಟಿಲುಗಳಲ್ಲಿ ದಟ್ಟವಾಗಿವೆ. ಮೇಲಿನ ಮೆಟ್ಟಿಲುಗಳು ಇನ್ನೂ ಕೆಂಪಗೆ ಬೋಳಾಗಿವೆ. ನಾನು ಅಲ್ಲಿ ಸಸಿ ಕಾಯುತ್ತೇನೆ, ಬೆಂಕಿ ಕಾಯುತ್ತೇನೆ, ಕೆಲವು ದಿನ ನನ್ನ ಕೆಮ್ಮನ್ನು ನಾನೇ ಕೇಳಿಸಿಕೊಳ್ಳುತ್ತಾ ಹೊತ್ತು ಕಾಯುತ್ತೇನೆ. ನಿಮ್ಮಂತೆ ಕಿವಿಗೆ ಹಿಡಿದು ಮಾತಾಡುವ ಫೋನು ನಮಗಿಲ್ಲ. ಜನ ಕೆಳಗಿಳಿದ ಮೇಲೆ ಗುಡ್ಡದ ಟವರುಗಳನ್ನು ಯಾರೂ ದುರಸ್ತಿ ಮಾಡಲಿಲ್ಲ.

ಇರುವುದು ಕನ್ನಡಿ ಒಂದೇ. ಸೂರ್ಯ ಇಳಿಯುವ ಮುಂಚೆ ಪ್ರತಿ ಗುಡ್ಡದವರೂ ಪಕ್ಕದ ಗುಡ್ಡಕ್ಕೆ ಕನ್ನಡಿ ಮಿಂಚಿಸಬೇಕು. ಇದಕ್ಕೆ ಇದ್ದೀನಿ-ಹೊತ್ತು ಎಂದು ಹೆಸರು. ನಾನು ಇದ್ದೇನೆ ಎಂಬುದಕ್ಕಿಂತ ಹೆಚ್ಚಿನದೇನೂ ಆ ಮಿಂಚಿನಲ್ಲಿ ಇರುವುದಿಲ್ಲ. ಚಿಕ್ಕವರು ಮೊದಲು ಮಿಂಚಿಸಬೇಕು, ದೊಡ್ಡವರು ಆಮೇಲೆ ಉತ್ತರಿಸಬೇಕು. ಚಿಕ್ಕವರು ಕೈಮುಗಿದರು, ದೊಡ್ಡವರು ಹರಸಿದರು ಎಂಬ ಲೆಕ್ಕ. ಸೂರ್ಯ ಕಾಣದ ಧೂಳಿನ ಸಂಜೆಗಳಲ್ಲಿ ಕನ್ನಡಿಯ ಬದಲು ದೀಪ ಎತ್ತಿ ತೋರಿಸುತ್ತೇವೆ. ಗಾದಿಲಿಂಗ ತಾತ ಮತ್ತು ನಾನು ಎದುರೆದುರು ಕೂತು ಮಾತಾಡಿದ್ದು ಮಳೆಗಾಲದ ಸಭೆಗಳಲ್ಲಿ ಮಾತ್ರ. ಕನ್ನಡಿಯಲ್ಲಿ ಮಾತ್ರ ಎಷ್ಟೋ ವರ್ಷಗಳಿಂದ ದಿನವೂ ಭೇಟಿ. ಒಂಟಿತನ ನನಗೆ ಅಭ್ಯಾಸವಾಗಿದೆ ಎಂದು ತಂಪುಪೇಟೆಯವರಿಗೆಲ್ಲ ಹೇಳುತ್ತೇನೆ. ಅದು ಸುಳ್ಳು, ಅಜ್ಜಿ. ಹಗಲೆಲ್ಲ ಆ ಒಂದು ಮಿಂಚಿಗಾಗಿ ಕಾಯುತ್ತೇನೆ. ಅದು ಬಂದ ಮೇಲೇ ಅನ್ನಕ್ಕಿಡುತ್ತೇನೆ.

ಈ ಬೇಸಿಗೆಯಲ್ಲಿ ತಾತನ ಮಿಂಚು ನನ್ನದಕ್ಕಿಂತ ಮೊದಲು ಬರತೊಡಗಿತು. ಮೊದಲ ಸಂಜೆ ನನಗೆ ನಗು ಬಂತು. ಮುದುಕರಿಗೆ ಹಸಿವು ತಡೆಯುತ್ತಿಲ್ಲ, ಬೇಗ ಮುಗಿಸಿ ಮುದ್ದೆಗೆ ಕೂರಬೇಕು ಅಂದುಕೊಂಡೆ. ಮರುದಿನ ನಾನು ಇನ್ನೂ ಮುಂಚೆ ಹೋಗಿ ಕನ್ನಡಿ ಎತ್ತಿದೆ, ಮಿಂಚಿಸಿದೆ, ಉತ್ತರವಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂತು, ತನ್ನದೇ ಹೊತ್ತಿಗೆ, ಠೀವಿಯಿಂದ. ಹಟ ಹಿಡಿದಿದ್ದಾರೆ, ನನ್ನ ಜೊತೆ ಆಟವಾಡುತ್ತಿದ್ದಾರೆ ಎಂದು ಖುಷಿಪಟ್ಟೆ. ಆ ವಾರವೆಲ್ಲ ನನ್ನ ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ಸಸಿಗಳಿಗೆ ನೀರು ಹಾಕುವಾಗ ಹಾಡು ಗುನುಗಿದ್ದೂ ಉಂಟು. ಆಮೇಲೊಂದು ಸಂಜೆ ಧೂಳೆದ್ದು ಸೂರ್ಯನನ್ನು ಮುಚ್ಚಿತು. ನಾನು ದೀಪ ಎತ್ತಿದೆ. ಎದುರಿನ ಗುಡ್ಡದಲ್ಲಿ ದೀಪ ಏಳಲಿಲ್ಲ. ಕೈ ಸೋಲುವವರೆಗೂ ಎತ್ತಿ ಹಿಡಿದೆ. ಆಗ ಹೊಳೆಯಿತು: ಅಲ್ಲಿ ಮಿಂಚುತ್ತಿದ್ದದ್ದು ತಾತನ ಕನ್ನಡಿಯೇ ಅಲ್ಲ, ಅವರ ನೀರಿನ ತೊಟ್ಟಿಯ ಮೇಲಿನ ತಗಡು. ಗಾಳಿಗೆ ಮೊಳೆ ಕಿತ್ತು ಒಂದು ಮೂಲೆ ಎದ್ದು ನಿಂತಿತ್ತು. ಇಳಿಬಿಸಿಲು ಬಿದ್ದಾಗಲೆಲ್ಲ ಅದು ತಾನೇ ಮಿಂಚುತ್ತಿತ್ತು. ಅಷ್ಟು ದಿನ ನಾನು ಕೈಮುಗಿದದ್ದು ತಗಡಿಗೆ, ನನ್ನನ್ನು ಹರಸಿದ್ದೂ ತಗಡೇ. ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು ಅದು. ತಪ್ಪಿಗಿಂತ ನನ್ನನ್ನು ಕಾಡುತ್ತಿರುವುದು ಬೇರೆ. ತಗಡಿನ ಉತ್ತರಕ್ಕೂ ನನ್ನ ಮನಸ್ಸು ಅಷ್ಟೇ ಹಿಗ್ಗಿತ್ತು.

ಬೆಳಕು ಹರಿಯುತ್ತಲೇ ನಿನ್ನ ಸೈಕಲ್ಲು ಹತ್ತಿ ಹೊರಟೆ. ನಿನ್ನದು ಎಂದೆ, ಆದರೆ ನಿನ್ನ ಕಾಲದ್ದು ಎಂದು ಉಳಿದಿರುವುದು ಅದರ ಚೌಕಟ್ಟು ಮತ್ತು ಮೋಟರಿನ ಗೂಡು ಮಾತ್ರ. ಚಕ್ರ ಬದಲಾಗಿವೆ, ಚೈನು ಎಷ್ಟನೆಯದೋ, ಮೋಟರಿನ ಸುರುಳಿಯನ್ನು ನನ್ನವ್ವ ತನ್ನ ಕೈಯಾರೆ ಸುತ್ತಿದ್ದು. ಬ್ಯಾಟರಿಯನ್ನು ತಂಪುಪೇಟೆಯ ಕೋಶಗಾರರು ಹೊಸ ಕೋಶ ತುಂಬಿ ಕಟ್ಟಿಕೊಡುತ್ತಾರೆ. ಆದರೂ ಅದು ಓಡುತ್ತದೆ. ಗಣಿಯ ಮೆಟ್ಟಿಲಿಂದ ಮೆಟ್ಟಿಲಿಗೆ, ಅದಿರಿನ ಸಡಿಲ ಕಲ್ಲುಗಳ ಮೇಲೆ, ಮುಂದಿನ ಚಕ್ರಕ್ಕೊಂದು ಹಿಂದಿನ ಚಕ್ರಕ್ಕೊಂದು ಕುಲುಕು ತಡೆಯುವ ಶಾಕು ಇರುವುದರಿಂದ ಸೊಂಟ ಉಳಿಯಿತು. ಬರಿ ಮುಂದಷ್ಟೇ ಶಾಕು ಇರುವ ಸೈಕಲ್ಲು ಅಗ್ಗವೆಂದು ಆ ಅಂಗಡಿಯವನು ತೋರಿಸುತ್ತಾನೆ. ನೋಡಬೇಡ, ಮುಂದೆ ಹೋಗು.

ತಾತ ಗುಡಿಸಲಿನ ಹೊಸ್ತಿಲಲ್ಲೇ ಬಿದ್ದಿದ್ದರು. ತಗಡಿಗೆ ಮೊಳೆ ಹೊಡೆಯಲು ತೊಟ್ಟಿ ಹತ್ತಿ, ಜಾರಿ, ತೆವಳಿಕೊಂಡು ಅಷ್ಟು ದೂರ ಬಂದಿದ್ದರು. ಕೈಗೆಟುಕುವಲ್ಲಿ ನೀರಿನ ಕೊಡ, ಒಣಗಿದ ರೊಟ್ಟಿಯ ಬುಟ್ಟಿ. ಅದರಿಂದ ಜೀವ ಉಳಿದಿತ್ತು. ನಾನು ಅಳುತ್ತಾ ತಗಡಿನ ಕತೆ ಹೇಳಿದೆ. ಅವರು ಕಣ್ಣು ಅರೆ ತೆರೆದು ಕೇಳಿ, ಒಡೆದ ತುಟಿಯಲ್ಲೇ ಅಂದರು: “ನಾನು ಸತ್ತೋಗಿದ್ರೂ ಆ ತಗಡು ದಿನಾ ನಿಂಗೆ ಉತ್ತರ ಕೊಡ್ತಿತ್ತು ನೋಡವ್ವ. ನನಗಿಂತ ಅದೇ ನಿಯತ್ತಿಂದು.” ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಆಮೇಲೆ ಬಾಗಿಲ ಹಲಗೆ ಕಿತ್ತು, ನನ್ನ ಸೆರಗು ಹರಿದು, ಕಾಲಿಗೆ ಕಟ್ಟು ಹಾಕಿದೆ.

ಅವರ ಗುಡ್ಡದಿಂದ ತಂಪುಪೇಟೆಗೆ ನೇರವಾಗಿ ಇಳಿಯುವ ದಾರಿ ಹೋದ ಮಳೆಗೆ ಕುಸಿದಿದೆ. ಈಗ ಇರುವುದು ಒಂದೇ ದಾರಿ: ಈ ತಗ್ಗಿಗೆ ಇಳಿದು, ನನ್ನ ಗುಡ್ಡ ಹತ್ತಿ, ಅಲ್ಲಿಂದ ಕೆಳಗೆ. ಸಹಾಯ ಕರೆಯಲು ಹೋಗಿ ಬರುವಷ್ಟರಲ್ಲಿ ಇನ್ನೊಂದು ಬೆಂಕಿಹೊತ್ತು ಅವರ ಮೇಲೆ ಹಾಯುತ್ತಿತ್ತು, ಮೈ ಆಗಲೇ ಜ್ವರದಲ್ಲಿ ಸುಡುತ್ತಿತ್ತು. ಆ ಗಳಿಗೆಯಲ್ಲಿ ನಿನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾಕೆಂದರೆ ಈ ಜಾತಿಯ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ. ಹಿಂದಿನ ಚಕ್ರ ಶಾಕಿನ ಮೇಲೆ ಕುಣಿಯುವುದರಿಂದ ಅಲ್ಲಿ ಇನ್ನೊಬ್ಬರನ್ನು ಕೂರಿಸುವ ಹಾಗೇ ಇಲ್ಲ. ಚಿಕ್ಕಂದಿನಿಂದ ನನಗೆ ಇದರ ಮೇಲೆ ಒಂದು ಮುನಿಸು. ಒಬ್ಬರಿಗೆಂದೇ ಮಾಡಿದ ಗಾಡಿಯನ್ನು ಆರಿಸಿ, ಅದರ ಜೊತೆ ನಮ್ಮ ವಂಶಕ್ಕೆ ಒಂಟಿತನವನ್ನೂ ಬಳುವಳಿ ಕೊಟ್ಟುಬಿಟ್ಟಳು ಸೈಕಲ್ ಅಜ್ಜಿ ಎಂದುಕೊಳ್ಳುತ್ತಿದ್ದೆ.

ಸಿಟ್ಟಿನಲ್ಲಿ ಹ್ಯಾಂಡಲ್ ಹಿಡಿದು ಗಾಡಿಯನ್ನು ತಾತನ ಹತ್ತಿರ ತಳ್ಳುವಾಗ ಹೆಬ್ಬೆರಳು ಎಡಗಡೆಯ ಸಣ್ಣ ಗುಂಡಿಯ ಮೇಲೆ ಬಿತ್ತು. ನಡಿಗೆಯ ಗುಂಡಿ ಅದು. ಇಳಿದು ತಳ್ಳಿಕೊಂಡು ಹೋಗುವಾಗ ಅದನ್ನು ಒತ್ತಿ ಹಿಡಿದರೆ, ಮೋಟರು ಗಾಡಿಯನ್ನು ನಾವು ನಡೆಯುವ ವೇಗದಲ್ಲೇ ತಾನಾಗಿ ಮುಂದೆ ಒಯ್ಯುತ್ತದೆ. ನಾನು ಅದನ್ನು ಬಳಸಿದ್ದು ಬಲು ಅಪರೂಪ. ಸೀಟು ಇಳಿಸುವ ಹಿಡಿಕೆ ಎಳೆದು ಸೀಟನ್ನು ಕೆಳಗಿಳಿಸಿದೆ, ತಾತನನ್ನು ಎತ್ತಿ ಕೂರಿಸಿದೆ. ಮುರಿದ ಕಾಲನ್ನು ಚೌಕಟ್ಟಿನ ಕೊಳವೆಗೆ ಬಟ್ಟೆಯಿಂದ ಬಿಗಿದೆ. ಹಿಂದಿನ ಶಾಕಿನ ಗಾಳಿಯನ್ನು ಸ್ವಲ್ಪ ಬಿಟ್ಟು ಮೆತ್ತಗೆ ಮಾಡಿದೆ. ಒಂದು ಕೈ ಅವರ ಬೆನ್ನಿಗೆ, ಇನ್ನೊಂದು ಹ್ಯಾಂಡಲ್ಲಿಗೆ. ಗುಂಡಿ ಒತ್ತಿದೆ. ಮೋಟರು ಗುರ್ ಎಂದಿತು, ಒಂದು ಕ್ಷಣ ಯೋಚಿಸಿತು, ಹೊರಟಿತು. ತಾತ ಅಂದರು, “ನನ್ನ ಮದುವಿ ಮೆರವಣಿಗಿನೂ ಇಷ್ಟು ನಿಧಾನಕ್ಕ ಹೋಗಿರಲಿಲ್ಲ ಬೇ.”

ಇನ್ನು ಅಂಗಡಿಯ ವಿಷಯ. ನೀನು ಅಳೆದೂ ಸುರಿದೂ ಹಲವು ಸಲ ಆ ಅಂಗಡಿಗೆ ಹೋದದ್ದು, ಅವನು ಪ್ರತಿ ಸಲವೂ ಚಹಾ ತರಿಸಿ ಸುಸ್ತಾದದ್ದು ನಮ್ಮ ಮನೆಯಲ್ಲಿ ಇನ್ನೂ ನಗೆಯ ಮಾತು. ಅಲ್ಲಿ ಒಂದು ಕೆಂಪು ಗಾಡಿ, ಒಂದು ಬೂದು ಗಾಡಿ. ಎರಡಕ್ಕೂ ಹಿಂದೆ ಮುಂದೆ ಶಾಕು, ಎರಡರಲ್ಲೂ ಮೋಟರು ಪೆಡಲಿನ ಅಚ್ಚಿನ ಬಳಿ. ಚಕ್ರದ ನಡುವಿನಲ್ಲೇ ಮೋಟರಿದ್ದ ಮೂರನೆಯದೊಂದನ್ನು ನೀನೇ ಬೇಡವೆಂದೆ, ಸರಿಮಾಡಿದೆ. ಅದಕ್ಕೆ ಗೇರಿನ ಬಲ ಸಿಗುವುದಿಲ್ಲ, ಉದ್ದನೆಯ ಏರಿನಲ್ಲಿ ಕಾದು ಮುಷ್ಕರ ಹೂಡುತ್ತದೆ. ಉಳಿದ ಎರಡರಲ್ಲಿ ಕೆಂಪು ಹಗುರ. ಅದರ ಮೋಟರಿಗೆ ಸದ್ದೇ ಇಲ್ಲ, ಫೋನಿನ ಜೊತೆ ಮಾತಾಡುತ್ತದೆ, ಎಲ್ಲಿ ಹೋದೆ ಎಷ್ಟು ಬೆವತೆ ಎಂದೆಲ್ಲ ಚಿತ್ರ ಬರೆದು ತೋರಿಸುತ್ತದೆ. ಬೂದು ಗಾಡಿ ಭಾರ, ಮೋಟರು ಏರಿನಲ್ಲಿ ಗೊಣಗುತ್ತದೆ, ಎಳೆಯುವ ಬಲ ಮಾತ್ರ ಕೆಂಪಿನದಕ್ಕಿಂತ ಬಹಳ ಜಾಸ್ತಿ. ಅಂಗಡಿಯವನು, “ಅಕ್ಕಾ, ಕೆಂಪು ನೋಡ್ರಿ, ಹೂವಿದ್ದಂಗೈತೆ, ಒಂದು ಕೈಯಾಗ ಎತ್ತಬೋದು” ಎನ್ನುತ್ತಾನೆ. ಅದಕ್ಕೆ ನೀನು, “ನಾ ಎತ್ತಾಕ ತಗಳ್ಳಾಕತ್ತಿಲ್ಲಪ್ಪ, ಗುಡ್ಡ ಹತ್ತಾಕ” ಎಂದೆಯಂತೆ. ನನ್ನವ್ವ ಅದನ್ನು ನಿನ್ನ ದನಿಯಲ್ಲೇ ಹೇಳಿ ತೋರಿಸುತ್ತಿದ್ದಳು, ನಿನ್ನ ದನಿ ಅವಳು ಕೇಳಿದವಳೇ ಅಲ್ಲದಿದ್ದರೂ.

ಕೆಂಪು ಗಾಡಿ ಏನಾಯಿತೆಂದು ಹೇಳುತ್ತೇನೆ. ಅದನ್ನು ನಿನ್ನ ಜೊತೆಯ ಕೆಲಸದವರೊಬ್ಬರು ಕೊಂಡರು. ಕೆಲವು ವರ್ಷ ಅದು ನಿನ್ನದನ್ನು ಎಲ್ಲ ಕಡೆ ಹಿಂದೆ ಹಾಕಿತು, ನೀನು ಹೊಟ್ಟೆ ಉರಿದುಕೊಂಡೆ ಎಂದೂ ಕೇಳಿದ್ದೇನೆ. ಆಮೇಲೆ ಬ್ಯಾಟರಿ ಮುಪ್ಪಾಯಿತು. ಹೊಸ ಬ್ಯಾಟರಿ ಹಾಕಿದರೆ ಮೋಟರು ಅದರ ಗುರುತು ಕೇಳಿತು. ಗುರುತು ಕೊಡಬೇಕಾದ ಕಂಪನಿ ಅಷ್ಟರಲ್ಲಿ ಮುಚ್ಚಿತ್ತು. ಮೋಟರು ಗಟ್ಟಿಮುಟ್ಟಾಗಿಯೇ ಇತ್ತು, ಆದರೆ ಯಾರನ್ನೋ ಕೇಳದೆ ತಿರುಗುವುದಿಲ್ಲ ಎಂದು ಕೂತಿತು. ಈಗ ಅದರ ಚೌಕಟ್ಟು ನನ್ನವ್ವನ ಮನೆಯ ಹಿತ್ತಲಲ್ಲಿ ಹೀರೆಬಳ್ಳಿಗೆ ಚಪ್ಪರವಾಗಿದೆ. ಕಾಯಿ ಚೆನ್ನಾಗಿ ಬಿಡುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯ ಗಾಡಿ. ಬೂದು ಗಾಡಿಯ ಮೋಟರು ಯಾರ ಗುರುತನ್ನೂ ಕೇಳುವುದಿಲ್ಲ. ಸ್ಕ್ರೂ ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ, ಬೇರಿಂಗ್ ಹಾಕಿದರೆ ಹಾಕಿಸಿಕೊಳ್ಳುತ್ತದೆ. ಹಾಗಾಗಿ ಅಂಗಡಿಯವನಿಗೆ ವೇಗ ಎಷ್ಟು, ಒಂದು ಚಾರ್ಜಿಗೆ ಎಷ್ಟು ದೂರ ಎಂದು ಕೇಳುವುದರ ಜೊತೆಗೆ ಇದನ್ನೂ ಕೇಳು: ನೀನು ಅಂಗಡಿ ಮುಚ್ಚಿಕೊಂಡು ಹೋದ ಮೇಲೆ ಇದನ್ನು ಬಿಚ್ಚುವವರು ಯಾರಪ್ಪ? ಅವನು ತಲೆ ಕೆರೆದುಕೊಂಡರೆ ಅದೇ ಉತ್ತರ.

ಇನ್ನೊಂದು ವಿಷಯವನ್ನು ನಾನು ಇವತ್ತೇ ಕಂಡುಕೊಂಡೆ, ಅದರ ಬೆಲೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಡಿಗೆಯ ಗುಂಡಿ ಕೆಂಪು ಗಾಡಿಗೂ ಇತ್ತು. ಆದರೆ ಅದನ್ನು ಒತ್ತಿದರೆ ಚೈನಿನ ಜೊತೆ ಪೆಡಲೂ ತಿರುಗುತ್ತಿತ್ತಂತೆ, ಅವ್ವ ಹೇಳುತ್ತಿದ್ದಳು, ಮೀನಖಂಡಕ್ಕೆ ಬಡಿಯುತ್ತದೆಂದು ಅದನ್ನು ಕೊಂಡವರು ಬೈದುಕೊಳ್ಳುತ್ತಿದ್ದರಂತೆ. ಬೂದು ಗಾಡಿಯಲ್ಲಿ ಚೈನು ಮಾತ್ರ ತಿರುಗುತ್ತದೆ, ಪೆಡಲು ಅಲ್ಲಾಡುವುದಿಲ್ಲ. ಮುರಿದ ಕಾಲು ಪೆಡಲಿನ ಪಕ್ಕದಲ್ಲೇ ಕಟ್ಟಿರುವಾಗ ಈ ಒಂದು ವ್ಯತ್ಯಾಸದ ಮೇಲೆ ಒಂದು ಜೀವ ನಿಂತಿದೆ. ಗಾಡಿ ಮಾಡಿದವನೂ ಇದನ್ನು ಯೋಚಿಸಿರಲಾರ, ಮಾರಿದವನೂ ಹೇಳಿರಲಾರ.

ಗುಂಡಿ ಒತ್ತುತ್ತಾ ಇಲ್ಲಿಯವರೆಗೆ ಬಂದೆವು. ಬಹುಪಾಲು ಇಳಿಜಾರು, ನಡುನಡುವೆ ಸಣ್ಣ ಏರು. ದಾರಿಯುದ್ದಕ್ಕೂ ತಾತ ಮಾತಾಡಿದರು. ನಾನೂ ಮಾತಾಡಿದೆ, ನನ್ನ ದನಿ ಇಷ್ಟು ಒರಟಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಅವರ ತಾಯಿಯ ಹೆಸರು ಸುಂಕಮ್ಮ ಎಂದು, ಅವರಿಗೆ ಮೊಳಕೆಕಾಳು ಸೇರುವುದಿಲ್ಲ ಎಂದು, ಮಿಂಚಿಸುವಾಗ ಪ್ರತಿ ಸಂಜೆ ಅವರು ನನ್ನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರೆಂದು ಇವತ್ತು ತಿಳಿಯಿತು. ಆ ಕೂಗು ಒಂದು ದಿನವೂ ನನಗೆ ಕೇಳಿಸಿರಲಿಲ್ಲ. ಇದನ್ನು ಬರೆಯುವಾಗ ಕಣ್ಣು ತುಂಬುತ್ತದೆ, ಅಕ್ಷರ ಓರೆಯಾದರೆ ಮನ್ನಿಸು.

ಈಗ ಬಿಸಿಲು ತಗ್ಗುತ್ತಿದೆ. ನನ್ನ ಗುಡ್ಡದ ಏರು ಎದುರಿಗೇ ಇದೆ, ಕೆಂಪಗೆ, ಉದ್ದಕ್ಕೆ. ಬ್ಯಾಟರಿಯಲ್ಲಿ ಚಾರ್ಜಿನ ಎರಡು ಗೀಟು ಉಳಿದಿವೆ. ಈ ಓಲೆಯನ್ನು ಪಕ್ಕದ ಕಮರದ ಬುಡದಲ್ಲಿ ಹೂಳುತ್ತೇನೆ. ಅದು ನೀನೇ ನೆಡಿಸಿದ ಸಾಲಿನದು. ಇವತ್ತು ಇದ್ದೀನಿ-ಹೊತ್ತಿಗೆ ಎರಡು ಗುಡ್ಡಗಳಲ್ಲೂ ಕನ್ನಡಿ ಮಿಂಚುವುದಿಲ್ಲ. ದೂರದಿಂದ ನೋಡಿದವರು ಎರಡೂ ಬರಿದಾದವು ಎಂದುಕೊಳ್ಳುತ್ತಾರೆ. ತಾತನ ಗುಡ್ಡದಲ್ಲಿ ತಗಡು ಮಾತ್ರ ಮಿಂಚುತ್ತದೆ, ಅದಕ್ಕೆ ಇವತ್ತು ಉತ್ತರಿಸುವವರಿಲ್ಲ.

ನೀನು ಇನ್ನೂ ಅಂಗಡಿಯಲ್ಲೇ ಇದ್ದರೆ ಒಂದು ಕೆಲಸ ಮಾಡು, ಅಜ್ಜಿ. ಎಲ್ಲರೂ ಗಾಡಿ ಹತ್ತಿ ಓಡಿಸಿ ನೋಡುತ್ತಾರೆ. ನೀನು ಹತ್ತಬೇಡ. ಆ ಅಂಗಡಿಯವನನ್ನೇ ಸೀಟಿನ ಮೇಲೆ ಕೂರಿಸು. ಅವನು ನಗುತ್ತಾನೆ, ನಗಲಿ. ಅಂಗಡಿಯ ಮುಂದಿನ ಏರಿನಲ್ಲಿ ಗುಂಡಿ ಒತ್ತಿ ಹಿಡಿದುಕೊಂಡು, ಅವನ ಪಕ್ಕದಲ್ಲಿ ನಡೆ. ನಿಲ್ಲದೆ ಮೇಲೆ ಹತ್ತಿದರೆ, ಅದನ್ನೇ ಕೊಂಡುಕೋ.